ಲಾರಿಗಿಂತ ಟಾರ್ಪಾಲಿಗೆ ಹೆದರುವ ಕುದುರೆ

ಹೊಸದಾಗಿ ರಸ್ತೆಗಿಳಿದ ಎಳೆಯ ಕುದುರೆ ಎದುರಿನಿಂದ ಬರುವ ಲಾರಿಯನ್ನು ನೋಡಿಯೂ ಸುಮ್ಮನೆ ನಡೆದೀತು. ಅದೇ ಲಾರಿ ದಾಟಿಹೋಗುವಾಗ ಹಿಂಬದಿಯಲ್ಲಿ ಬಿಚ್ಚಿಕೊಂಡ ಟಾರ್ಪಾಲು ಪಟಪಟ ಹೊಡೆದುಕೊಂಡಿತೋ, ಒಂದೇ ನೆಗೆತಕ್ಕೆ ಚರಂಡಿಯ ಆಚೆ ಇರುತ್ತದೆ. ಸವಾರ ಜೀನಿನ ಮೇಲೆ ಉಳಿದರೆ ಅವನ ಪುಣ್ಯ. ‘ಹಟಮಾರಿ ಕುದುರೆ, ಎರಡು ಬಿಗಿದರೆ ಸರಿಹೋಗುತ್ತೆ’ ಎನ್ನುವ ಪಂಡಿತರಿಗೆ ಯಾವ ಊರಿನಲ್ಲೂ ಬರವಿಲ್ಲ. ಆದರೆ ಇಲ್ಲಿ ಕೆಲಸ ಮಾಡುತ್ತಿರುವುದು ಹಟವಲ್ಲ, ಕಣ್ಣು ಮತ್ತು ಕಿವಿ.

ನೆಲದ ಮೇಲೆ ಬದುಕುವ ಸಸ್ತನಿಗಳ ಪೈಕಿ ಅತಿ ದೊಡ್ಡ ಕಣ್ಣುಗಳಲ್ಲಿ ಕುದುರೆಯ ಕಣ್ಣೂ ಒಂದು. ತಲೆಯ ಎರಡು ಬದಿಗೆ ಇರುವುದರಿಂದ ಸುತ್ತಲಿನ 360 ಡಿಗ್ರಿಯಲ್ಲಿ ಸುಮಾರು 350 ಡಿಗ್ರಿ ಅದಕ್ಕೆ ಕಾಣುತ್ತದೆ. ಕಾಣದಿರುವುದು ಹಣೆಯ ಮುಂದೆ ಒಂದಿಷ್ಟು, ಬಾಲದ ನೇರ ಹಿಂದೆ ಒಂದು ಕಿರಿದಾದ ಪಟ್ಟಿ. ಆದರೆ ಎರಡೂ ಕಣ್ಣು ಸೇರಿ ನೋಡಿ ದೂರವನ್ನು ಸರಿಯಾಗಿ ಅಳೆಯುವ ಭಾಗ 65 ಡಿಗ್ರಿಯ ಆಸುಪಾಸು ಮಾತ್ರ. ನಮ್ಮಲ್ಲಿ ಅದು ಸುಮಾರು 120. ಉಳಿದ ಬದಿನೋಟಕ್ಕೆ ಅಲುಗಾಟ ಚೆನ್ನಾಗಿ ಸಿಗುತ್ತದೆ, ವಿವರ ಸಿಗುವುದಿಲ್ಲ. ಬಯಲಿನಲ್ಲಿ ಮೇಯುತ್ತ ಬದುಕಿದ ಪ್ರಾಣಿಗೆ ಅಷ್ಟೇ ಸಾಕಿತ್ತು. ಹುಲ್ಲು ಅಲುಗಿದರೆ ಮೊದಲು ಓಡಬೇಕು, ಬಂದದ್ದು ತೋಳವೋ ಗಾಳಿಯೋ ಎಂಬುದನ್ನು ಆಮೇಲೆ ನೋಡಿದರಾಯಿತು. ಟಾರ್ಪಾಲಿನ ಮುಂದೆಯೂ ಅದು ಮಾಡಿದ್ದು ಇದನ್ನೇ. ಬೆಳಕಿನಿಂದ ನೆರಳಿಗೆ ಹೊಂದಿಕೊಳ್ಳಲು ಅದರ ಕಣ್ಣಿಗೆ ನಮಗಿಂತ ಹೆಚ್ಚು ಹೊತ್ತು ಬೇಕು. ಹಾಗಾಗಿ ಸೇತುವೆಯ ಕೆಳಗಿನ ಕತ್ತಲಿಗೆ ಹೆಜ್ಜೆ ಇಡಲು ಹಿಂದೆಗೆದರೆ ಅದೂ ಮೊಂಡುತನವಲ್ಲ.

ಕಿವಿಯ ಕಥೆ ಇನ್ನೂ ಸ್ವಾರಸ್ಯದ್ದು. ಮನುಷ್ಯನಿಗೆ ಕೇಳುವುದು ಸುಮಾರು 20,000 ಹರ್ಟ್ಜ್‌ವರೆಗೆ. ಕುದುರೆಗೆ 33,000ದವರೆಗೂ ಕೇಳುತ್ತದೆ. ಬ್ರೇಕು ಕಿರುಗುಟ್ಟುವ ಸದ್ದಿನಲ್ಲಿ ನಮಗೆ ಕೇಳದ ಪಾಲೂ ಅದಕ್ಕೆ ಕೇಳೀತು. ಆದರೆ ಸದ್ದು ಯಾವ ದಿಕ್ಕಿನಿಂದ ಬಂತು ಎಂದು ಗುರುತಿಸುವುದರಲ್ಲಿ ಅದು ತೀರಾ ಹಿಂದೆ. ಒಂದು ಡಿಗ್ರಿಯಷ್ಟು ಅಂತರದ ಎರಡು ಸದ್ದುಗಳನ್ನು ನಾವು ಬೇರೆ ಮಾಡಬಲ್ಲೆವು, ಅದಕ್ಕೆ 25 ಡಿಗ್ರಿಯಷ್ಟು ಅಂತರ ಬೇಕು. ಹಿಂದಿನಿಂದ ಬಂದ ಬೈಕು ಹಾರ್ನ್ ಹೊಡೆದಾಗ ಅದು ಕತ್ತೆತ್ತಿ, ಸೊಂಟ ತಿರುಗಿಸಿ, ರಸ್ತೆಗೆ ಅಡ್ಡವಾಗುವುದು ಸದ್ದಿನ ಒಡೆಯನನ್ನು ಕಣ್ಣಿನಿಂದ ಹುಡುಕುವುದಕ್ಕೆ. ‘ದಾರಿ ಬಿಡು’ ಎಂದು ಹೊಡೆದ ಹಾರ್ನೇ ದಾರಿಯನ್ನು ಮುಚ್ಚುತ್ತದೆ.

ಇಂಥ ಪ್ರಾಣಿಯನ್ನು ರಸ್ತೆಗೆ ಒಗ್ಗಿಸುವುದು ಹೇಗೆ? ಸೀದಾ ಮುಖ್ಯರಸ್ತೆಗೆ ತಂದು ‘ನಾಲ್ಕು ದಿನ ಹೆದರಲಿ, ಆಮೇಲೆ ತಾನೇ ಸುಮ್ಮನಾಗುತ್ತದೆ’ ಎನ್ನುವುದು ಹಳೆಯ ವಿಧಾನ. ಕೆಲವು ಕುದುರೆಗಳು ಸುಮ್ಮನಾಗುವುದೂ ಉಂಟು, ಕೆಲವು ಇನ್ನಷ್ಟು ಕೆಡುತ್ತವೆ. ಕೆಡುವುದಕ್ಕೆ ಸರಳ ಕಾರಣವಿದೆ. ಲಾರಿ ಬಂತು, ಕುದುರೆ ಹಾರಿತು, ಲಾರಿ ಹೋಯಿತು. ಲಾರಿ ಹೇಗೂ ಹೋಗುವುದೇ ಆಗಿತ್ತು, ಆದರೆ ಕುದುರೆಯ ಲೆಕ್ಕದಲ್ಲಿ ತಾನು ಹಾರಿದ್ದರಿಂದಲೇ ಹೋಯಿತು! ಮುಂದಿನ ಸಲ ಇನ್ನೂ ಬೇಗ ಹಾರುತ್ತದೆ. ಆ ಹೊತ್ತಿಗೆ ಚಾವಟಿಯೂ ಬಿದ್ದರೆ, ಲಾರಿ ಬಂದಾಗಲೆಲ್ಲ ನೋವಾಗುತ್ತದೆ ಎಂಬ ಇನ್ನೊಂದು ಪಾಠ ಬಿಟ್ಟಿಯಾಗಿ ಸಿಕ್ಕಂತೆ.

ಡೆನ್ಮಾರ್ಕಿನಲ್ಲಿ ಯಾನ ವಿಂಟರ್ ಕ್ರಿಸ್ಟೆನ್ಸನ್ ಮತ್ತು ಸಂಗಡಿಗರು ಎರಡು ವರ್ಷದ 27 ಗಂಡು ಕುದುರೆಗಳ ಮೇಲೆ ಒಂದು ಪ್ರಯೋಗ ಮಾಡಿ 2006ರಲ್ಲಿ ಪ್ರಕಟಿಸಿದರು. ಹೆದರಿಸುವ ವಸ್ತು, ಅಲುಗಾಡುವ ಬಿಳಿ ನೈಲಾನ್ ಚೀಲ. ಒಂದು ಗುಂಪಿಗೆ ಚೀಲವನ್ನು ಮೊದಲ ದಿನದಿಂದಲೇ ಪೂರ್ತಿ ಅಲುಗಾಡಿಸಿ ತೋರಿಸಿದರು. ಇನ್ನೊಂದಕ್ಕೆ ಚೀಲ ಕಂಡರೆ ತಿನಿಸು ಸಿಗುತ್ತದೆ ಎಂದು ಕಲಿಸಿದರು. ಮೂರನೆಯದಕ್ಕೆ ಹಂತಹಂತವಾಗಿ, ಹಿಂದಿನ ಹಂತ ಜೀರ್ಣವಾದ ಮೇಲೆಯೇ ಮುಂದಿನದು. ಕೊನೆಗೆ ಪೂರ್ತಿ ಪಳಗಿದ್ದು ಮೂರನೆಯ ಗುಂಪು. ಉಳಿದೆರಡರಲ್ಲಿ ಕಡೆಯವರೆಗೂ ಒಗ್ಗದ ಕುದುರೆಗಳಿದ್ದವು.

ರಸ್ತೆಯ ಪಾಠದಲ್ಲಿ ಈ ಹಂತಗಳೆಂದರೆ ಹೆಚ್ಚಾಗಿ ದೂರದ ಹೊಂದಾಣಿಕೆ. ಮೊದಲು ರಸ್ತೆ ಕಾಣುವ, ಆದರೆ ಬೇಲಿಯ ಈಚೆಗಿರುವ ಬಯಲಿನಲ್ಲಿ ಮೇಯಲು ಬಿಡುತ್ತಾರೆ. ಬಸ್ಸು ಬಂದಾಗ ಕತ್ತೆತ್ತಿ ನೋಡಿ, ಮತ್ತೆ ಹುಲ್ಲಿಗೆ ಬಾಯಿ ಹಾಕಿದರೆ ಆ ದೂರ ಸರಿಯಾಗಿದೆ ಎಂದರ್ಥ. ಆಮೇಲೆ ಲಾಯದ ಅಂಗಳದಲ್ಲೇ ಎಂಜಿನ್ ಆರಿಸಿ ನಿಲ್ಲಿಸಿದ ಟ್ರ್ಯಾಕ್ಟರು, ಬಳಿಕ ಎಂಜಿನ್ ಓಡುತ್ತ ನಿಂತದ್ದು, ಅನಂತರ ನಿಧಾನವಾಗಿ ದೂರ ಹೋಗುವುದು. ದೂರ ಸರಿಯುವ ವಸ್ತುವಿನ ಭಯ ಕಡಿಮೆ, ಅದರ ಹಿಂದೆ ಕುದುರೆಯನ್ನು ನಡೆಸಿದರೆ ಅಂಜಿಕೆ ಕುತೂಹಲವಾಗುತ್ತದೆ. ಎದುರು ಬರುವುದು, ಹಿಂದಿನಿಂದ ದಾಟುವುದು ಕೊನೆಗೆ. ಜೊತೆಗೆ ಅನುಭವಿ ಕುದುರೆಯೊಂದು ವಾಹನಗಳ ಬದಿಗೆ ನಡೆಯುತ್ತಿದ್ದರೆ ಅರ್ಧ ಕೆಲಸ ಅದೇ ಮಾಡಿಬಿಡುತ್ತದೆ. ಶಾಂತ ಸಂಗಾತಿಯ ಜೊತೆಗಿದ್ದ ಎಳೆಯ ಕುದುರೆ ಕಡಿಮೆ ಬೆದರುತ್ತದೆ ಎಂಬುದನ್ನೂ ಡೆನ್ಮಾರ್ಕಿನ ಅದೇ ಸಂಶೋಧಕಿ ತೋರಿಸಿದ್ದಾರೆ.

ಆಕೆಯದೇ ಇನ್ನೊಂದು ಪ್ರಯೋಗ ತರಬೇತುದಾರರ ಉತ್ಸಾಹಕ್ಕೆ ತಣ್ಣೀರೆರಚುವಂಥದು. ಬೇರೆ ಬೇರೆ ಬಣ್ಣದ, ಬೇರೆ ಬೇರೆ ಆಕಾರದ ಆರು ವಸ್ತುಗಳಿಗೆ ಒಂದಾದ ಮೇಲೊಂದರಂತೆ ಒಗ್ಗಿದ ಕುದುರೆಗಳು ಪ್ರತಿ ಹೊಸ ವಸ್ತುವಿಗೂ ಮೊದಲಿನಷ್ಟೇ ಹೆದರಿದವು. ಕೆಂಪು ಬಸ್ಸನ್ನು ಒಪ್ಪಿಕೊಂಡ ಕುದುರೆ ಕಬ್ಬು ತುಂಬಿದ ಎತ್ತರದ ಟ್ರ್ಯಾಲಿಯನ್ನೂ ಒಪ್ಪೀತೆಂದು ನಂಬುವಂತಿಲ್ಲ.

ಇಷ್ಟೆಲ್ಲ ಮಾಡಿಯೂ ಸವಾರನೇ ಕೆಡಿಸಬಹುದು. ಸ್ವೀಡನ್ನಿನ ಲಿಂಡಾ ಕೀಲಿಂಗ್ ಮತ್ತು ಸಂಗಡಿಗರು 2009ರಲ್ಲಿ ವರದಿ ಮಾಡಿದ ಪ್ರಯೋಗವೊಂದರಲ್ಲಿ ಸವಾರರಿಗೆ ‘ಈ ಸಲ ನೀವು ಅಲ್ಲಿ ದಾಟುವಾಗ ಛತ್ರಿ ಬಿಚ್ಚುತ್ತೇವೆ’ ಎಂದು ಹೇಳಿದ್ದರು. ಛತ್ರಿ ಬಿಚ್ಚಲೇ ಇಲ್ಲ. ಆದರೂ ಸವಾರರ ಎದೆಬಡಿತ ಏರಿತು, ಛತ್ರಿಯ ಸುದ್ದಿಯೇ ಗೊತ್ತಿಲ್ಲದ ಕುದುರೆಗಳದ್ದೂ ಏರಿತು. ಲಾರಿ ಕಂಡೊಡನೆ ಲಗಾಮು ಬಿಗಿಹಿಡಿಯುವವನು ಕುದುರೆಗೆ ಕೊಡುವ ಸೂಚನೆ ಏನೆಂದು ಬಿಡಿಸಿ ಹೇಳಬೇಕಿಲ್ಲ.

ನಮ್ಮ ಜಟಕಾ ಗಾಡಿಯವರು ಸುಲಭದ ಉಪಾಯ ಕಂಡುಕೊಂಡಿದ್ದರು: ಕಣ್ಣಿನ ಬದಿಗೆ ತೊಗಲಿನ ಪಟ್ಟಿ. ಬದಿನೋಟವೇ ಇಲ್ಲದಿದ್ದರೆ ಬದಿಯ ಭಯವೂ ಇಲ್ಲ. ಗಾಡಿಗೆ ಇದು ಸರಿ. ಆದರೆ ಪಟ್ಟಿ ಕಣ್ಣನ್ನಷ್ಟೇ ಮುಚ್ಚುತ್ತದೆ, ಕಿವಿಯನ್ನಲ್ಲ. ಮೈಸೂರಿನ ಅಶ್ವಾರೋಹಿ ಪೊಲೀಸ್ ದಳದ ಕುದುರೆಗಳಿಗೆ ಕಿವಿಯ ಪಾಠವೂ ಬೇಕು. ಅದಕ್ಕೇ ದಸರಾಕ್ಕೆ ಮುಂಚೆ ಆನೆಗಳ ಜೊತೆ ಅವನ್ನೂ ನಿಲ್ಲಿಸಿ ಸಿಡಿಮದ್ದು ತಾಲೀಮು ನಡೆಸುತ್ತಾರೆ. ದಸರಾ ಮೆರವಣಿಗೆಯಲ್ಲಿ ಸಾವಿರಾರು ಜನರ ನಡುವೆ ಒಂದು ಕುದುರೆ ಬೆದರಿದರೂ ಪೆಟ್ಟು ಬೀಳುವುದು ಜನಕ್ಕೆ.

ಬ್ರಿಟನ್ನಿನಲ್ಲಿ ಕುದುರೆ ಬೆದರದಂತೆ ನೋಡಿಕೊಳ್ಳುವ ಹೊಣೆಯ ಒಂದು ಪಾಲನ್ನು ಚಾಲಕರಿಗೂ ಹಂಚಿದ್ದಾರೆ. 1865ರ ಕಾನೂನಿನಂತೆ ರಸ್ತೆಯಲ್ಲಿ ಓಡುವ ಉಗಿ ಎಂಜಿನ್ನಿನ ಮುಂದೆ ಒಬ್ಬ ಕೆಂಪು ಬಾವುಟ ಹಿಡಿದು ನಡೆಯಬೇಕಿತ್ತು, ಕುದುರೆಯವರನ್ನು ಎಚ್ಚರಿಸುವುದಕ್ಕೆ. 2022ರ ಜನವರಿಯಲ್ಲಿ ಪರಿಷ್ಕರಿಸಿದ ಅಲ್ಲಿನ ಹೆದ್ದಾರಿ ಸಂಹಿತೆ, ಕುದುರೆಯನ್ನು ದಾಟುವಾಗ ವೇಗ ಗಂಟೆಗೆ 10 ಮೈಲಿ, ಅಂದರೆ 16 ಕಿಲೋಮೀಟರ್ ಮೀರಬಾರದು, ಕನಿಷ್ಠ 2 ಮೀಟರ್ ಅಂತರ ಇರಬೇಕು ಎನ್ನುತ್ತದೆ.

ನಮ್ಮ ರಸ್ತೆಯಲ್ಲಿ ಕುದುರೆ ಸಿಕ್ಕರೆ ನೀವೂ ಇಷ್ಟು ಮಾಡಬಹುದು: ದೂರದಲ್ಲೇ ವೇಗ ಇಳಿಸಿ, ಹಾರ್ನ್ ಮುಟ್ಟಬೇಡಿ, ಅಗಲವಾಗಿ ಸುತ್ತಿಕೊಂಡು ದಾಟಿ. ದಾಟಿದ ಮೇಲೆಯೂ ಕೂಡಲೇ ಆಕ್ಸಿಲರೇಟರ್ ತುಳಿಯಬೇಡಿ. ಸವಾರ ಕೈ ಎತ್ತಿದರೆ ನಿಂತುಬಿಡಿ.