ಇನ್ನೊಬ್ಬರ ವಾಕ್ಯ ತಿದ್ದುವ ಪಾಠ

ಹತ್ತನೇ ತರಗತಿಯ ಮಕ್ಕಳು, ಎಲ್ಲರೂ ತಿದ್ದಬಹುದಾದ ‘ವಿಕಿ’ ಜಾಲಪುಟವೊಂದರಲ್ಲಿ ಸೇರಿಕೊಂಡು ಸಸ್ಯಗಳ ಬಗ್ಗೆ ಬರೆಯುತ್ತಿದ್ದಾರೆ ಎಂದುಕೊಳ್ಳಿ. ‘ಗಿಡಗಳು ರಾತ್ರಿ ಮಾತ್ರ ಉಸಿರಾಡುತ್ತವೆ’ ಎಂದು ಒಬ್ಬ ಬರೆಯುತ್ತಾನೆ. ಸಹಪಾಠಿಯೊಬ್ಬಳು ‘ರಾತ್ರಿ ಮಾತ್ರ’ ಅಳಿಸಿ ‘ಹಗಲೂ ರಾತ್ರಿಯೂ’ ಎಂದು ತಿದ್ದುತ್ತಾಳೆ. ಅವನು ಒಪ್ಪದೆ ಹಳೆಯದನ್ನೇ ಮರಳಿ ಹಾಕುತ್ತಾನೆ. ಜಗಳ ‘ಚರ್ಚೆ’ ಪುಟಕ್ಕೆ ಹೋಗುತ್ತದೆ: ಹಾಗಿದ್ದರೆ ಹಗಲು ಗಿಡ ಆಮ್ಲಜನಕ ಬಿಡುವುದು ಹೇಗೆ? ಉತ್ತರಕ್ಕಾಗಿ ಇಬ್ಬರೂ ಪುಸ್ತಕ ತೆರೆಯಲೇಬೇಕು. ಬಿಸಿಲಿದ್ದಾಗ ಗಿಡ ತನ್ನ ಉಸಿರಾಟಕ್ಕೆ ಬೇಕಾದುದಕ್ಕಿಂತ ಹೆಚ್ಚು ಆಮ್ಲಜನಕ ತಯಾರಿಸುತ್ತದೆ, ಮಿಕ್ಕಿದ್ದು ಹೊರಬರುತ್ತದೆ. ಉಸಿರಾಟವಂತೂ ನಿಲ್ಲುವುದೇ ಇಲ್ಲ.

ಈ ಜಟಾಪಟಿಯೆಲ್ಲ ‘ಇತಿಹಾಸ’ ಎಂಬ ಕೊಂಡಿಯ ಹಿಂದೆ ಉಳಿದಿರುತ್ತದೆ. ಒತ್ತಿದರೆ ಎಡಕ್ಕೆ ಹಳೆಯ ಸಾಲು, ಬಲಕ್ಕೆ ಹೊಸದು. ತೆಗೆದ ಪದಕ್ಕೆ ಹಳದಿ ಗುರುತು, ಸೇರಿಸಿದ್ದಕ್ಕೆ ನೀಲಿ. ಯಾರು, ಯಾವ ದಿನ, ಎಷ್ಟು ಹೊತ್ತಿಗೆ ಎಂಬುದೂ ಇರುತ್ತದೆ. ಉತ್ತರಪತ್ರಿಕೆ ತೋರಿಸುವುದು ಕೊನೆಗೆ ಬಂದ ಉತ್ತರವನ್ನು ಮಾತ್ರ. ಮಗು ಎಲ್ಲಿ ಎಡವಿತು, ಹೇಗೆ ಸರಿಹೋಯಿತು ಎಂಬುದು ಇಲ್ಲಿ ಕಾಣುತ್ತದೆ.

ವಾರ್ಡ್ ಕನ್ನಿಂಗ್‌ಹ್ಯಾಮ್ 1995ರಲ್ಲಿ ಮೊದಲ ವಿಕಿಯನ್ನು ರೂಪಿಸಿದ್ದು ಶಾಲೆಗಲ್ಲ, ಪ್ರೋಗ್ರಾಮರ್‌ಗಳಿಗೆ. ಅದರಿಂದ ಕಲಿಕೆ ಹೇಗೆ ಆಗುತ್ತದೆ ಎಂಬುದನ್ನು 2008ರಲ್ಲಿ ಜರ್ಮನಿಯ ಉಲ್ರಿಕೆ ಕ್ರೆಸ್ ಮತ್ತು ಯೋಆಖಿಮ್ ಕಿಮ್ಮರ್ಲೆ ವಿವರಿಸಿದರು. ತಲೆಯಲ್ಲಿರುವುದಕ್ಕೂ ಪುಟದಲ್ಲಿರುವುದಕ್ಕೂ ತಾಳೆಯಾಗದಿದ್ದಾಗ ಕಲಿಕೆ ಶುರುವಾಗುತ್ತದೆ. ಆ ಅಂತರ ತೀರಾ ಕಡಿಮೆಯಿದ್ದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ, ತೀರಾ ಹೆಚ್ಚಿದ್ದರೆ ಕೈ ಚೆಲ್ಲುತ್ತಾರೆ.

ವಿಕಿಯನ್ನು ಪಾಠಕ್ಕೆ ಚೆನ್ನಾಗಿ ಬಳಸಿಕೊಂಡವರು ಕೆನಡಾದ ವ್ಯಾಂಕೂವರಿನ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ಅಧ್ಯಾಪಕ ಜಾನ್ ಬೀಸ್ಲಿ-ಮರ್ರಿ. 2008ರಲ್ಲಿ ಲ್ಯಾಟಿನ್ ಅಮೆರಿಕದ ಸಾಹಿತ್ಯ ಓದುತ್ತಿದ್ದ ವಿದ್ಯಾರ್ಥಿಗಳಿಗೆ ಇಂಗ್ಲಿಷ್ ವಿಕಿಪೀಡಿಯದಲ್ಲಿ ಲೇಖನ ಬರೆಯುವ ಕೆಲಸ ಕೊಟ್ಟರು. ಲೇಖನ ವಿಕಿಪೀಡಿಯದ ‘ಉತ್ತಮ’ ದರ್ಜೆಗೆ ಏರಿದರೆ ಎ, ಅದಕ್ಕೂ ಮೇಲಿನ ‘ವಿಶೇಷ’ ದರ್ಜೆಗೆ ಏರಿದರೆ ಎ ಪ್ಲಸ್. ಗ್ವಾಟೆಮಾಲಾದ ಆಸ್ತೂರಿಯಾಸ್ ಬರೆದ ‘ಎಲ್ ಸೆನ್ಯೋರ್ ಪ್ರೆಸಿದೆಂತೆ’ ಕಾದಂಬರಿಯ ಲೇಖನ ಆ ಮೇಲಿನ ಸಾಲಿಗೇ ಸೇರಿತು. ಅಪರಿಚಿತ ಹಿರಿಯ ಸಂಪಾದಕರು ಬಂದು ಆಧಾರ ಕೇಳಿದರು, ದಾರಿಯನ್ನೂ ತೋರಿಸಿದರು. ಪರೀಕ್ಷೆ ಮುಗಿದ ಮೇಲೆ ರದ್ದಿಗೆ ಹೋಗುವ ಪ್ರಬಂಧಕ್ಕೆ ಇಂಥ ಓದುಗರು ಎಲ್ಲಿ ಸಿಗಬೇಕು?

2011ರ ಪುಣೆಯ ಕಥೆ ಬೇರೆ. ಅಲ್ಲಿನ ಕಾಲೇಜುಗಳಲ್ಲಿ ಬಹಳಷ್ಟು ವಿದ್ಯಾರ್ಥಿಗಳನ್ನು ಒಮ್ಮೆಲೇ ವಿಕಿಪೀಡಿಯಕ್ಕೆ ಇಳಿಸಲಾಯಿತು. ಅನೇಕರು ಪುಸ್ತಕ, ಜಾಲತಾಣಗಳಿಂದ ನೇರವಾಗಿ ನಕಲು ಮಾಡಿ ಹಾಕಿದರು. ಹಕ್ಕುಸ್ವಾಮ್ಯ ಮುರಿದ ಬರಹವನ್ನು ಹುಡುಕಿ ತೆಗೆಯುವಷ್ಟರಲ್ಲಿ ಸ್ವಯಂಸೇವಕರು ಸುಸ್ತಾದರು. ಅದೇ ವರ್ಷ ಆ ಪ್ರಯೋಗ ನಿಂತಿತು. ಇಡೀ ತಪ್ಪನ್ನು ವಿದ್ಯಾರ್ಥಿಗಳ ತಲೆಗೆ ಕಟ್ಟಲು ನಾನು ಸಿದ್ಧನಿಲ್ಲ. ಗೈಡಿನಿಂದ ಇಳಿಸಿದ ಉತ್ತರಕ್ಕೆ ಪೂರ್ತಿ ಅಂಕ ಕೊಟ್ಟು ಬೆಳೆಸಿದವರು ನಾವೇ ತಾನೆ?

ಗುಂಪಿನ ಗಾತ್ರವೂ ಮುಖ್ಯ. ಫ್ರಾನ್ಸಿನ ಮ್ಯಾಕ್ಸ್ ರಿಂಗೆಲ್‌ಮನ್ ಜನರಿಂದ ಹಗ್ಗ ಎಳೆಸಿ ಅಳೆದಿದ್ದರು, ಫಲಿತಾಂಶ ಪ್ರಕಟವಾದದ್ದು 1913ರಲ್ಲಿ. ಎಂಟು ಜನ ಒಟ್ಟಿಗೆ ಎಳೆದಾಗ ಒಬ್ಬೊಬ್ಬರ ಪಾಲಿನ ಬಲ, ಒಂಟಿಯಾಗಿ ಎಳೆದಾಗಿನ ಅರ್ಧದಷ್ಟಕ್ಕೆ ಇಳಿದಿತ್ತು. ವಿಕಿ ಗುಂಪಿನಲ್ಲೂ ಇಬ್ಬರು ಬರೆದು ಉಳಿದವರು ಹೆಸರು ಸೇರಿಸುವುದುಂಟು. ಆದರೆ ‘ಇತಿಹಾಸ’ದಲ್ಲಿ ಆ ಕಳ್ಳಾಟ ಬಯಲಾಗುತ್ತದೆ.

ಕರ್ನಾಟಕದಲ್ಲಿ ಶಿಕ್ಷಣ ಇಲಾಖೆಯೊಂದಿಗೆ ಐಟಿ ಫಾರ್ ಚೇಂಜ್ ಸಂಸ್ಥೆ ಕಟ್ಟಿದ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳ ತಾಣ, ವಿಕಿಪೀಡಿಯ ನಡೆಯುವ ಮೀಡಿಯಾವಿಕಿ ತಂತ್ರಾಂಶದ ಮೇಲೆಯೇ ನಿಂತಿದೆ. ಸರ್ಕಾರಿ ಪ್ರೌಢಶಾಲೆಗಳ ಶಿಕ್ಷಕರೇ ಅದಕ್ಕೆ ಪಾಠ ಸಾಮಗ್ರಿ ಸೇರಿಸಿದ್ದಾರೆ. ಬೆಂಗಳೂರಿನ ಕ್ರೈಸ್ಟ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶದ ಬರಹಗಳನ್ನು ವಿಕಿಪೀಡಿಯದ ಸೋದರ ಗ್ರಂಥಾಲಯ ತಾಣವಾದ ವಿಕಿಸೋರ್ಸ್‌ಗಾಗಿ ಟೈಪ್ ಮಾಡಿದರು. ಕನ್ನಡಕ್ಕೆ ಅದು ದೊಡ್ಡ ಉಪಕಾರ. ಆದರೂ ಇದ್ದದ್ದನ್ನು ಇದ್ದಂತೆ ಟೈಪ್ ಮಾಡುವುದು ಬೇರೆ, ಗೆಳೆಯನ ವಾಕ್ಯದ ತಪ್ಪನ್ನು ಆಧಾರ ಕೊಟ್ಟು ತಿದ್ದುವುದು ಬೇರೆ. ನಮ್ಮಲ್ಲಿ ಎರಡನೆಯದೇ ಅಪರೂಪ; ಇನ್ನೊಬ್ಬರ ಬರಹಕ್ಕೆ ಕೈ ಹಾಕಲು ನಮ್ಮ ಮಕ್ಕಳಿಗೆ ಸಂಕೋಚ.

ಶಿಕ್ಷಕರಲ್ಲಿ ಒಂದು ಕೋರಿಕೆ. ನಾಲ್ಕೈದು ಮಕ್ಕಳ ಗುಂಪು ಮಾಡಿ. ಮೊದಲು ವಿಕಿಯಲ್ಲಿ ಅಭ್ಯಾಸಕ್ಕೆಂದೇ ಇರುವ ‘ಪ್ರಯೋಗಪುಟ’ದಲ್ಲಿ ಬರೆಸಿ. ಹೊಸ ಸಾಲಿಗೆ ಕೊಟ್ಟಷ್ಟೇ ಅಂಕವನ್ನು, ಕಾರಣ ಹೇಳಿ ತಿದ್ದಿದ ಸಾಲಿಗೂ ಕೊಡಿ.