ಹಾಸಿಗೆ ಹಿಡಿದವರ ಮೈಹುಣ್ಣು

ರಾಗಿಯ ಕುಯ್ಲು ಬಂದೊಡನೆ ಒಕ್ಕಲಮನೆಯವರೆಲ್ಲರೂ ಮುಂಜಾನೆಯೇ ಹೊಲಕ್ಕೆ ಹೊರಡುವರಷ್ಟೆ. ಹಾಸಿಗೆ ಹಿಡಿದ ಹಿರಿಯರು ಮಾತ್ರ ಸಂಜೆಯವರೆಗೆ ಒಂದೇ ಮಗ್ಗುಲಲ್ಲಿ ಮಲಗಿರುವರು. ಸೊಂಟದ ಮೂಳೆ ಮುರಿದಿದ್ದ ನಮ್ಮ ತಾಯಿಯವರಿಗೂ ಇಂತಹ ಒಂದು ಸುಗ್ಗಿಯಲ್ಲಿಯೇ ಹುಣ್ಣಾಯಿತು. ಬೆಳೆಯ ರೋಗವನ್ನು ಎಲೆಯ ಮೇಲಿನ ಮೊದಲ ಚುಕ್ಕೆಯಿಂದಲೇ ಗುರುತಿಸಿರೆಂದು ಊರೂರಿಗೆ ಹೇಳಿಕೊಂಡು ತಿರುಗುವ ನಾನು, ಮನೆಯಲ್ಲಿ ಆ ಮೊದಲ ಚುಕ್ಕೆಯನ್ನು ಕಾಣದೆ ಹೋದೆನು. ಆದುದರಿಂದ ಈ ತಿಂಗಳು ಬೆಳೆಯ ವಿಚಾರವನ್ನು ಬದಿಗಿಟ್ಟು ಇದನ್ನು ಬರೆಯುತ್ತಿದ್ದೇನೆ.

ಮೂಳೆಗೂ ಹಾಸಿಗೆಗೂ ನಡುವೆ ಚರ್ಮವು ಬಹಳ ಹೊತ್ತು ಅದುಮಿಕೊಂಡಿದ್ದರೆ ರಕ್ತದ ಓಡಾಟವು ನಿಂತು ಅಲ್ಲಿಯ ಮಾಂಸವು ಸಾಯುವುದು. ಬೆನ್ನಿನ ಬುಡ, ಸೊಂಟದ ಪಕ್ಕ, ಹಿಮ್ಮಡಿ, ಮೊಣಕೈ, ತಲೆಯ ಹಿಂಭಾಗ, ಇವನ್ನು ದಿನಕ್ಕೊಂದು ಬಾರಿಯಾದರೂ ಬೆಳಕಿನಲ್ಲಿ ಪರೀಕ್ಷಿಸತಕ್ಕದ್ದು. ಕೆಂಪಾದೆಡೆಯನ್ನು ಬೆರಳಿನಿಂದ ಒತ್ತಿದಾಗ ಬಣ್ಣವು ಮಾಸದಿದ್ದರೆ ಹುಣ್ಣು ಆರಂಭವಾಯಿತೆಂದೇ ತಿಳಿಯಬೇಕು. ಕಪ್ಪು ಮೈಯಲ್ಲಿ ಕೆಂಪು ತೋರುವುದು ಕಷ್ಟ. ಆ ಸ್ಥಳವು ಬಿಸಿಯಾಗಿ, ಗಡುಸಾಗಿ ಅಥವಾ ಮೆತ್ತಗಾಗಿ ನೋಯುವುದೇ ಗುರುತು. ಅಲ್ಲಿ ಎಣ್ಣೆ ಹಚ್ಚಿ ತಿಕ್ಕುವ ವಾಡಿಕೆಯುಂಟು, ನಾವೂ ತಿಕ್ಕಿದೆವು. ತಿಕ್ಕಬಾರದು, ಒಳಗಿನ ಮಾಂಸಕ್ಕೆ ಇನ್ನಷ್ಟು ಪೆಟ್ಟಾಗುವುದು.

ಮಗ್ಗುಲು ಬದಲಾಯಿಸುವುದೇ ಮುಖ್ಯ ಚಿಕಿತ್ಸೆ. ಸಾಮಾನ್ಯವಾಗಿ 2 ಗಂಟೆಗೊಮ್ಮೆ, ಬೆನ್ನಿಗೆ ದಿಂಬು ಕೊಟ್ಟು ಸುಮಾರು 30 ಡಿಗ್ರಿ ಓರೆಯಾಗಿ ಮಲಗಿಸಬೇಕು. ಮಂಡಿಗಳ ನಡುವೆ ಒಂದು ದಿಂಬು. ಹಿಮ್ಮಡಿಗಳು ಹಾಸಿಗೆಗೆ ತಗಲದಂತೆ ಮೀನಖಂಡಗಳ ಕೆಳಗೆ ಮತ್ತೊಂದು. ರೋಗಿಯನ್ನು ಎಳೆಯದೆ, ಮೈಕೆಳಗಿನ ದುಪ್ಪಟಿಯನ್ನು ಇಬ್ಬರು ಹಿಡಿದೆತ್ತಿ ಸರಿಸತಕ್ಕದ್ದು. ನಡುವೆ ತೂತುಳ್ಳ ರಬ್ಬರಿನ ಗಾಳಿದಿಂಬು ತನ್ನ ಅಂಚಿನಲ್ಲಿ ಒತ್ತಿ ಕೇಡನ್ನೇ ಮಾಡುವುದು. ಮೋಟಾರಿನ ಗಾಳಿಹಾಸಿಗೆಯು ಉಪಯುಕ್ತವೇ. ಆದರೆ ನಮ್ಮೂರಿನ ವಿದ್ಯುತ್ತನ್ನು ನಂಬಿ ಯಾರು ನಿದ್ರಿಸಬಲ್ಲರು? ಅದಿದ್ದರೂ ಹೊರಳಿಸುವ ಕೆಲಸವು ತಪ್ಪದು. ನಾವು ಕಡೆಗೆ ಸರದಿಯಂತೆ ಒಬ್ಬರು ಕುಯ್ಲನ್ನು ಬಿಟ್ಟು ಮನೆಯಲ್ಲುಳಿದು, ಗಂಟೆಯನ್ನೂ ಮಗ್ಗುಲನ್ನೂ ಇದ್ದಲಿನಿಂದ ಗೋಡೆಯ ಮೇಲೆ ಬರೆಯತೊಡಗಿದೆವು. ಒಂದು ಆಳಿನ ಕೆಲಸವು ಕೆಟ್ಟಿತು, ಕೆಡಲಿ.

ಚರ್ಮವು ಒಡೆದಿದ್ದರೆ, ಕುದಿಸಿ ಆರಿಸಿದ 1 ಲೀಟರು ನೀರಿಗೆ 9 ಗ್ರಾಂ ಉಪ್ಪು ಬೆರೆಸಿ ತೊಳೆದು, ದಾದಿಯರು ತೋರಿಸಿಕೊಟ್ಟಂತೆ ಪಟ್ಟಿ ಕಟ್ಟಬೇಕು. ಹುಣ್ಣನ್ನು ಒಣಗಿಸಬೇಕೆಂಬುದು ತಪ್ಪು ತಿಳಿವಳಿಕೆ; ಮಿತವಾದ ತೇವದಲ್ಲಿಯೇ ಹೊಸ ಮಾಂಸವು ಬೆಳೆಯುವುದು. ಸ್ಪಿರಿಟ್ಟು, ಬೂದಿ, ಸುಣ್ಣ ಯಾವುದನ್ನೂ ಹಾಕಕೂಡದು. ಮಲಮೂತ್ರದ ತೇವವನ್ನು ಒಡನೆಯೇ ತೊಳೆದೊರಸಬೇಕು. ಬರಿಯ ಗಂಜಿಯಿಂದ ಮಾಂಸವು ಕೂಡದು. ಮೊಟ್ಟೆ, ಬೇಳೆ, ಹಾಲು ಬೇಕು. ಮೂತ್ರಪಿಂಡದ ರೋಗವಿದ್ದವರು ಮಾತ್ರ ವೈದ್ಯರನ್ನು ಕೇಳಿ ನಡೆಯತಕ್ಕದ್ದು. ಹುಣ್ಣು ಕಪ್ಪಾದರೆ, ನಾರಿದರೆ, ಆಳದಲ್ಲಿ ಮೂಳೆ ಕಂಡರೆ, ಜ್ವರ ಬಂದರೆ, ಅಥವಾ ರೋಗಿಯ ಮಾತು ತಡವರಿಸಿದರೆ ಅದೇ ದಿನ ಆಸ್ಪತ್ರೆಗೆ ಒಯ್ಯಬೇಕು.

ನಮ್ಮ ತಾಯಿಯವರ ಹುಣ್ಣು ಮಾಯಲು ಮುಂದಿನ ಮುಂಗಾರು ಬಿತ್ತನೆಯವರೆಗೆ ಹಿಡಿಯಿತು.