ರೆಕಾರ್ಡ್ ಸೌಂಡ್ ಚೆನ್ನಾಗಿಲ್ವಾ? ಸ್ಪೀಕರ್ ಬಿಡಿ, ಮೊದಲು ಸೂಜಿ ನೋಡಿ

ಇವತ್ತಿನ ಎಪಿಸೋಡ್ ನಾನು ಮಾಡಿದ ಒಂದು ತಪ್ಪಿನ ಬಗ್ಗೆ.

ಕಳೆದ ವರ್ಷ ಊರಿನ ಮನೆಯ ಅಟ್ಟದಿಂದ ಅಜ್ಜನ ರೆಕಾರ್ಡ್‌ಗಳನ್ನ ಇಳಿಸಿಕೊಂಡು ಬಂದೆ. ಅದರಲ್ಲಿ 1972ರ ‘ಬಂಗಾರದ ಮನುಷ್ಯ’ ಕೂಡ ಇತ್ತು. ನನ್ನ ಹತ್ರ ಇದ್ದದ್ದು ಸೆಕೆಂಡ್ ಹ್ಯಾಂಡ್ ಟರ್ನ್‌ಟೇಬಲ್. ಹಾಡೇನೋ ಬರ್ತಿತ್ತು, ಆದ್ರೆ ಪಿ.ಬಿ. ಶ್ರೀನಿವಾಸ್ ‘ಸ’ ಅಂದಾಗೆಲ್ಲ ಬಿಸಿ ಎಣ್ಣೆಗೆ ನೀರು ಬಿದ್ದ ಹಾಗೆ ಚುರ್ ಅನ್ನೋದು. ಹೊಸ ಸ್ಪೀಕರ್ ತಂದೆ. ಚುರ್ ಇನ್ನೂ ಸ್ಪಷ್ಟವಾಗಿ ಕೇಳಿಸ್ತು, ಅಷ್ಟೇ!

ಜೊತೆಗೆ ಸೂಜಿ ಹಾರ್ತಿತ್ತು. “ನಿಮ್ಮಜ್ಜ ಮೇಲೊಂದು ನಾಣ್ಯ ಇಡ್ತಿದ್ರು ಕಣೋ” ಅಂದ್ರು ಅಪ್ಪ. ನಾನೂ ಒಂದು ರೂಪಾಯಿ ಇಟ್ಟೆ. ಹಾರೋದು ನಿಂತಿತು. ಒಂದೇ ಹಾಡನ್ನ ಎಷ್ಟೋ ಸಲ ಹಾಕಿ ಕೇಳಿದೆ.

ಈಗ ಲೆಕ್ಕ ನೋಡಿ. ಇವತ್ತಿನ ಹೆಚ್ಚಿನ ಮ್ಯಾಗ್ನೆಟ್ ಕಾರ್ಟ್ರಿಜ್‌ಗಳಿಗೆ ಬೇಕಾದ ಭಾರ ಸುಮಾರು 1.5ರಿಂದ 2.5 ಗ್ರಾಂ. ನಾಣ್ಯವೊಂದೇ 3–4 ಗ್ರಾಂ. ಅದೂ ಸವೆದ ವಜ್ರದ ತುದಿಯ ಮೇಲೆ. ತೋಡಿನ ಗೋಡೆ ಕೆರೆದು ಹೋಗದೆ ಇರುತ್ತಾ? ಬಿ.ಕಾಂ.ನಲ್ಲಿ ‘ಸವಕಳಿ’ ಅಂತ ಓದಿದ್ದೆ, ಅವತ್ತು ಕಿವಿಯಲ್ಲೇ ಕೇಳಿದೆ. ಹಾಗಂತ ಭಾರ ತೀರಾ ಕಡಿಮೆ ಮಾಡೋದೂ ತಪ್ಪು. ಆಗ ಸೂಜಿ ಕುಣಿದು ತೋಡಿಗೆ ಪೆಟ್ಟು ಕೊಡುತ್ತೆ.

ಹಾಗಾದ್ರೆ ದುಡ್ಡು ಯಾವ ಕ್ರಮದಲ್ಲಿ ಹಾಕಬೇಕು?

ಒಂದು, ಸೂಜಿ. ಮಾದರಿ ನೋಡಿ ಇದರ ಆಯಸ್ಸು ಸುಮಾರು 300ರಿಂದ 1,000 ಗಂಟೆ. ದಿನಕ್ಕೊಂದು ಗಂಟೆ ಕೇಳಿದ್ರೆ ವರ್ಷದೊಳಗೇ ಮುಗಿಯಬಹುದು. ಆಡಿಯೋ-ಟೆಕ್ನಿಕಾದ ವಿಎಂ95 ಸರಣಿಯಂಥದ್ದರಲ್ಲಿ ಕಾರ್ಟ್ರಿಜ್ ಉಳಿಸಿಕೊಂಡು ಸೂಜಿ ಮಾತ್ರ ಮೇಲ್ದರ್ಜೆಯದು ಹಾಕಬಹುದು. ದುಂಡು ತುದಿಗಿಂತ ಎಲಿಪ್ಟಿಕಲ್ ತುದಿ ಸಣ್ಣ ಏರಿಳಿತಗಳನ್ನ ಚೆನ್ನಾಗಿ ಹಿಡಿಯುತ್ತೆ. ‘ಸ’ ಸುಧಾರಿಸೋದು ಇಲ್ಲೇ.

ಎರಡು, ಸೆಟ್ಟಿಂಗ್. ಇದಕ್ಕೆ ಹೆಚ್ಚು ಖರ್ಚಿಲ್ಲ. ಟೇಬಲ್ ಸಮತಟ್ಟಾಗಿರಲಿ. ಸೂಜಿಯ ಭಾರ ಅಳೆಯೋ ಪುಟ್ಟ ಡಿಜಿಟಲ್ ತಕ್ಕಡಿ ತಗೊಳ್ಳಿ. ಕಾರ್ಟ್ರಿಜ್‌ನ ಕೋನ ಸರಿ ಮಾಡಿ. ಎಲ್‌ಪಿಯ ಹೊರ ಅಂಚಲ್ಲಿ ಸೂಜಿ ಕೆಳಗೆ ಸೆಕೆಂಡಿಗೆ ಸುಮಾರು 50 ಸೆಂ.ಮೀ. ತೋಡು ಓಡಿದ್ರೆ, ಲೇಬಲ್ ಹತ್ರ ಸುಮಾರು 20 ಸೆಂ.ಮೀ. ಮಾತ್ರ. ಕಡಿಮೆ ಜಾಗದಲ್ಲಿ ಅಷ್ಟೇ ಸಂಗೀತ ತುಂಬಿರುತ್ತೆ. ಅದಕ್ಕೇ ಕೊನೆಯ ಹಾಡಲ್ಲಿ ತಪ್ಪು ಎದ್ದು ಕಾಣೋದು.

ಮೂರು, ಫೋನೋ ಪ್ರೀಆಂಪ್. ರೆಕಾರ್ಡ್ ಕೆತ್ತುವಾಗ ಬೇಸ್ ತಗ್ಗಿಸಿ, ಟ್ರೆಬಲ್ ಏರಿಸಿರ್ತಾರೆ. ಅದನ್ನ ತಿರುಗಿಸಿ ಸರಿ ಮಾಡೋದು ಇದರ ಕೆಲಸ. ಇದಿಲ್ಲದೆ ಆಕ್ಸ್‌ಗೆ ಚುಚ್ಚಿದ್ರೆ ದನಿ ಕ್ಷೀಣ, ಸಪ್ಪೆ. ಕೆಲವು ಟರ್ನ್‌ಟೇಬಲ್‌ಗಳಲ್ಲಿ ಒಳಗೇ ಇರುತ್ತೆ, ಮೊದಲು ನೋಡಿಕೊಳ್ಳಿ.

ಸ್ಪೀಕರ್ ಇದೆಲ್ಲ ಆದ್ಮೇಲೆ. ಇನ್ನೊಂದು ಮಾತು, 78ರ ಹಳೇ ತಟ್ಟೆಗಳಿಗೆ ಈ ಸೂಜಿ ಬೇಡ. ಅವುಗಳ ತೋಡು ಅಗಲ, ಬೇರೆಯೇ ಸೂಜಿ ಬೇಕು.

ಹೊಸ ಸೂಜಿ ಹಾಕಿ, 2 ಗ್ರಾಂಗೆ ಇಟ್ಟು ಅದೇ ರೆಕಾರ್ಡ್ ಹಾಕಿದೆ. ಬೇರೆ ಹಾಡುಗಳು ತಿಳಿಯಾಗಿ ಬಂದ್ವು. ನಾಣ್ಯ ಇಟ್ಟು ಕೇಳಿದ ಆ ಒಂದು ಹಾಡಲ್ಲಿ ಚುರ್ ಹಾಗೇ ಇದೆ. ಅದು ಅಪ್ಪನಿಗೆ ಇಷ್ಟದ ಹಾಡು. ಅವರೇನೂ ಅನ್ನಲಿಲ್ಲ, ಫೋನಲ್ಲಿ ಹಾಕ್ಕೊಂಡು ಕೇಳ್ತಾರೆ.

ನಿಮ್ಮನೇಲೂ ಅಟ್ಟದ ಮೇಲೆ ರೆಕಾರ್ಡ್ ಇದ್ರೆ ಮೊದಲು ಸೂಜಿ ಬದಲಿಸಿ, ಆಮೇಲೆ ಕವರ್ ಬಿಚ್ಚಿ. ಮುಂದಿನ ವಾರ ಸಿಗೋಣ.